ಅಮರಗೋಳದ ಡೇಟಾಬೇಸ್ ಪಾಲಕರಿಗೆ ಒಂದು ಬಹಿರಂಗ ಪತ್ರ

ಅಮರಗೋಳ,
ಹುಬ್ಬಳ್ಳಿ–ಧಾರವಾಡ

ಅಮರಗೋಳದ ಮಾರುಕಟ್ಟೆ ಪ್ರಾಂಗಣದಲ್ಲಿಯೂ ಅದರ ಆಸುಪಾಸಿನ ನವನಗರ, ಭೈರಿದೇವರಕೊಪ್ಪ, ಉಣಕಲ್ಲುಗಳಲ್ಲಿಯೂ ಅಡತಿ ಅಂಗಡಿ, ಉಗ್ರಾಣ, ಸಹಕಾರಿ ಸಂಘ, ಆಸ್ಪತ್ರೆ, ವಿದ್ಯಾಸಂಸ್ಥೆಗಳ ಡೇಟಾಬೇಸ್ ಸರ್ವರುಗಳನ್ನು ನೋಡಿಕೊಳ್ಳುತ್ತಿರುವ ತರುಣ ತರುಣಿಯರಿಗೆ ಆದರಪೂರ್ವಕ ನಮಸ್ಕಾರಗಳು.

ಮುಂಗಾರಿನ ಹೆಸರು ಬಿಡಿಸುವ ಕಾಲ ಸಮೀಪಿಸುತ್ತಿದೆ. ಇನ್ನು ಕೆಲವೇ ವಾರಗಳಲ್ಲಿ ನವಲಗುಂದ, ಕುಂದಗೋಳ, ಅಣ್ಣಿಗೇರಿಗಳ ಕಡೆಯಿಂದ ಚೀಲ ಹೇರಿಕೊಂಡ ವಾಹನಗಳು ನಮ್ಮ ಪ್ರಾಂಗಣದ ದ್ವಾರದಲ್ಲಿ ಸಾಲುಗಟ್ಟಿ ನಿಲ್ಲುವುವು. ಅದರ ಬೆನ್ನಿಗೇ ಶೇಂಗಾ, ಉಳ್ಳಾಗಡ್ಡಿ, ಹತ್ತಿ, ಒಣಮೆಣಸಿನಕಾಯಿ, ಕಡಲೆಗಳು ತಂತಮ್ಮ ಸರದಿಯಂತೆ ಬರತೊಡಗುವುವು. ರಾಜ್ಯ ಸರ್ಕಾರವು 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ತಂದಂದಿನಿಂದಲೂ, 2016ರ ಏಪ್ರಿಲ್ 14ರಂದು ಕೇಂದ್ರ ಸರ್ಕಾರದ ಇ-ನಾಮ್ ಆರಂಭವಾದಂದಿನಿಂದಲೂ, ಲಾಟಿಗೆ ಸಂಖ್ಯೆ ಕೊಡುವುದು, ಧಾರಣೆಯ ಟೆಂಡರು, ತೂಕ, ಪಟ್ಟಿ, ಕೊನೆಗೆ ರೈತನ ಖಾತೆಗೆ ಹಣ ಸಂದಾಯ ಮಾಡುವುದು, ಹೀಗೆ ಮಾರಾಟದ ಹಂತಹಂತವೂ ಎಲ್ಲಿಯೋ ಒಂದು ಡೇಟಾಬೇಸಿನಲ್ಲಿ ಸಾಲಾಗಿ ನಿಲ್ಲುವುದು ನಮಗೆ ರೂಢಿಯಾಗಿದೆ. ಸರ್ಕಾರದ ಆ ಮಹಾಯಂತ್ರಗಳು ದೂರದಲ್ಲಿವೆ. ಅವುಗಳನ್ನು ಕಾಯುವವರು ಬೇರೆ. ಆದರೆ ಅಂಗಡಿಯ ಮೂಲೆಯಲ್ಲಿ, ಗಣಪತಿಯ ಪಟದ ಕೆಳಗೆ, ಧೂಳಿನ ನಡುವೆ ಹಗಲಿರುಳು ಓಡುತ್ತಿರುವ ಸಣ್ಣ ಸರ್ವರನ್ನು ಕಾಯುವವರು ನೀವು. ಯಾವ ರೈತನಿಗೆ ಎಷ್ಟು ಮುಂಗಡ ಹೋಗಿದೆ, ಯಾರ ಪಟ್ಟಿ ಬಾಕಿಯಿದೆ, ಯಾವ ಹಮಾಲನಿಗೆ ಎಷ್ಟು ಕೂಲಿ ಸಲ್ಲಬೇಕು ಎಂಬುದಕ್ಕೆಲ್ಲ ಅದೊಂದೇ ಪ್ರಮಾಣವಾಗಿ ಉಳಿದಿರುವ ಅಂಗಡಿಗಳು ಈಗ ಅನೇಕ. ಆದುದರಿಂದ ಸುಗ್ಗಿಯ ನಡುವೆ ಆ ಯಂತ್ರದ ಡಿಸ್ಕು ತುಂಬಿ ನಿಂತರೆ ಏನು ಮಾಡತಕ್ಕದ್ದು, ಅದಕ್ಕಿಂತಲೂ ಮುಖ್ಯವಾಗಿ ಏನು ಮಾಡತಕ್ಕದ್ದಲ್ಲ ಎಂಬ ವಿಷಯದಲ್ಲಿ, ಈ ಉದ್ಯೋಗದಲ್ಲಿಯೇ ಆಯುಷ್ಯದ ಬಹುಭಾಗವನ್ನು ಕಳೆದವನಾಗಿ, ನಿಮ್ಮೊಡನೆ ಮುಕ್ತವಾಗಿ ಮಾತನಾಡಬೇಕೆಂದು ಈ ಪತ್ರವನ್ನು ಬರೆಯುತ್ತಿದ್ದೇನೆ.

ನಾನು ಹೇಳಬೇಕಾದುದರ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ. ಡಿಸ್ಕು ತುಂಬಿದ ಮಾತ್ರಕ್ಕೆ ಡೇಟಾಬೇಸು ಕೆಡುವುದಿಲ್ಲ. ಸುವ್ಯವಸ್ಥಿತವಾಗಿ ರಚಿತವಾದ ಯಾವ ಡೇಟಾಬೇಸಾದರೂ ಜಾಗವಿಲ್ಲದಾಗ ಹೊಸದನ್ನು ಬರೆಯಲು ನಿರಾಕರಿಸುತ್ತದೆ, ಇಲ್ಲವೆ ಕಾಯುತ್ತದೆ, ಇಲ್ಲವೆ ತಾನಾಗಿಯೇ ನಿಂತುಬಿಡುತ್ತದೆ. ಪೋಸ್ಟ್‌ಗ್ರೆಸ್‌ನ ಅಧಿಕೃತ ಕೈಪಿಡಿಯು, ದತ್ತಾಂಶದ ಡಿಸ್ಕು ತುಂಬಿದರೆ ಕೆಲಸಕ್ಕೆ ಅಡ್ಡಿಯಾದೀತೇ ಹೊರತು ದತ್ತಾಂಶ ಭ್ರಷ್ಟವಾಗದೆಂದು ಸ್ಪಷ್ಟವಾಗಿ ಹೇಳುತ್ತದೆ. ಮೈಎಸ್‌ಕ್ಯೂಎಲ್ ಆದರೋ ನಿಮಿಷಕ್ಕೊಮ್ಮೆ ಜಾಗವಾಯಿತೇ ಎಂದು ನೋಡುತ್ತ, ಆಗದಿದ್ದರೆ ಮತ್ತೆ ಕಾಯುತ್ತ ಕುಳಿತಿರುತ್ತದೆ. ನಿಂತ ಯಂತ್ರದ ಮುಂದೆ ಗಾಬರಿಗೊಂಡು, ದೊಡ್ಡದಾಗಿ ಕಂಡ ಕಡತವನ್ನು ಅಳಿಸುವ ಕೈಯಿಂದಲೇ ನಿಜವಾದ ನಾಶವು ಆರಂಭವಾಗುತ್ತದೆ. ತುಂಬಿದ ಡಿಸ್ಕು ಕೊಡುವುದು ಒಂದು ವಿರಾಮವನ್ನು. ಆ ವಿರಾಮವನ್ನು ವಿಚಾರಕ್ಕೆ ಬಳಸಬೇಕು.

ಈ ವಿಪತ್ತು ಸಣ್ಣವರ ಪಾಲಿಗೆ ಮಾತ್ರ ಬರುವಂಥದೆಂದು ತಿಳಿಯದಿರಿ. ನಮ್ಮ ಬಿಡದಿಯ ಕಾರ್ಖಾನೆಯ ಮೂಲಕ ಕನ್ನಡಿಗರಿಗೆಲ್ಲ ಪರಿಚಿತವಾದ ಟೊಯೊಟಾ ಕಂಪನಿಯು 2023ರ ಆಗಸ್ಟ್ 29ರಂದು ಜಪಾನಿನಲ್ಲಿದ್ದ ತನ್ನ 14 ಕಾರ್ಖಾನೆಗಳನ್ನೂ ನಿಲ್ಲಿಸಬೇಕಾಯಿತು. ಹೊರಗಿನವರ ಆಕ್ರಮಣವಿರಬಹುದೆಂದು ಲೋಕವೆಲ್ಲ ಶಂಕಿಸಿತು. ಒಂದು ವಾರದ ತರುವಾಯ ಕಂಪನಿಯೇ ಕಾರಣವನ್ನು ತಿಳಿಸಿತು: 27ನೆಯ ತಾರೀಖಿನಂದು ನಿಯಮಿತ ನಿರ್ವಹಣೆಯ ಅಂಗವಾಗಿ ಡೇಟಾಬೇಸಿನಲ್ಲಿ ಕೂಡಿಬಿದ್ದಿದ್ದ ದತ್ತಾಂಶವನ್ನು ಅಳಿಸಿ ಓರಣಗೊಳಿಸುತ್ತಿದ್ದಾಗ ಡಿಸ್ಕಿನಲ್ಲಿ ಜಾಗ ಸಾಲದೆ ದೋಷ ತಲೆದೋರಿ, ಬಿಡಿಭಾಗಗಳ ಬೇಡಿಕೆಯನ್ನು ನಡೆಸುವ ಸರ್ವರುಗಳು ನಿಂತುಹೋದುವು, ಬದಲಿಗೆ ನಿಲ್ಲಬೇಕಾದ ಸರ್ವರುಗಳೂ ಅದೇ ವ್ಯವಸ್ಥೆಯಲ್ಲಿ ನಡೆಯುತ್ತಿದ್ದುದರಿಂದ ಅವೂ ಅದೇ ರೀತಿ ಕೈಕೊಟ್ಟುವು, ದತ್ತಾಂಶವನ್ನು ಹೆಚ್ಚು ಸಾಮರ್ಥ್ಯದ ಸರ್ವರಿಗೆ ವರ್ಗಾಯಿಸಿದ ಮೇಲೆಯೇ ಕೆಲಸ ಮರಳಿ ಆರಂಭವಾಯಿತು. ಈ ವೃತ್ತಾಂತದಲ್ಲಿ ಎರಡು ಅಂಶಗಳು ನಿಮ್ಮ ಮನಸ್ಸಿನಲ್ಲಿ ನಿಲ್ಲಬೇಕು. ಅಳಿಸುವ ಕೆಲಸಕ್ಕೂ ಜಾಗ ಬೇಕು. ಡೇಟಾಬೇಸು ಸಾಲುಗಳನ್ನು ತೆಗೆಯುವಾಗಲೂ ತೆಗೆದೆನೆಂಬುದನ್ನು ಬರೆದಿಡುತ್ತದೆ. ಮತ್ತು, ಪ್ರಧಾನ ಯಂತ್ರದಂತೆಯೇ ತುಂಬುವ ಬದಲಿ ಯಂತ್ರವು ಬದಲಿ ಎನಿಸಲಾರದು.

ಬರೆದಿಡುತ್ತದೆ ಎಂದೆನಷ್ಟೆ. ಈ ಬರವಣಿಗೆಯ ಮರ್ಮವನ್ನು ಅರಿಯದವನು ಡೇಟಾಬೇಸಿನ ಬಳಿಗೆ ಹೋಗಬಾರದೆಂಬುದು ನನ್ನ ದೃಢವಾದ ಅಭಿಪ್ರಾಯವಾದುದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಿಮ್ಮ ಅಂಗಡಿಯ ಹಿರಿಯ ದಿವಾನಜಿಯವರನ್ನು ಕೇಳಿ ನೋಡಿರಿ: ಅವರ ಕಾಲದಲ್ಲಿ ವ್ಯವಹಾರ ನಡೆದೊಡನೆ ಅದನ್ನು ಮೊದಲು ಕಿರ್ದಿಗೆ ಬರೆಯುತ್ತಿದ್ದರು, ಸಂಜೆಯೋ ಮರುದಿನವೋ ಸಾವಕಾಶವಾಗಿ ಖತಾವಣಿಯಲ್ಲಿ ಆಯಾ ಹೆಸರಿನ ಪುಟಕ್ಕೆ ಏರಿಸುತ್ತಿದ್ದರು. ಖತಾವಣಿ ತೊಯ್ದು ಹಾಳಾದರೂ ಹಿಂದಿನ ಬಾಕಿಗಳೂ ಕಿರ್ದಿಯೂ ಉಳಿದಿದ್ದರೆ ಅದನ್ನು ಮತ್ತೆ ಕಟ್ಟಬಹುದಾಗಿತ್ತು. ಕಿರ್ದಿಯೇ ಹೋದರೆ, ಏರಿಸದೆ ಉಳಿದಿದ್ದ ವ್ಯವಹಾರಗಳಿಗೆ ಸಾಕ್ಷಿಯೇ ಇರುತ್ತಿರಲಿಲ್ಲ. ಡೇಟಾಬೇಸು ಮಾಡುವುದೂ ಇದನ್ನೇ. ನೀವು ಒಂದು ಪಟ್ಟಿಯನ್ನು ದಾಖಲಿಸಿದೊಡನೆ ಅದು ಮೊದಲು ವ್ಯವಹಾರದ ಲಾಗಿಗೆ ಹೋಗಿ ಡಿಸ್ಕಿನ ಮೇಲೆ ಭದ್ರವಾಗುತ್ತದೆ. ಕೋಷ್ಟಕದ ಕಡತಕ್ಕೆ ಅದು ಏರುವುದು ಆಮೇಲೆ, ಡೇಟಾಬೇಸಿಗೆ ಬಿಡುವಾದಾಗ. ನಡುವೆ ಕರೆಂಟು ಹೋದರೆ, ಮತ್ತೆ ಏಳುವಾಗ ಲಾಗನ್ನು ಓದಿ, ಮುಗಿದ ವ್ಯವಹಾರಗಳನ್ನು ಕೋಷ್ಟಕಕ್ಕೆ ಏರಿಸಿ, ಅರೆಬರೆಯಾದುವನ್ನು ಹಿಂದೆಗೆದುಕೊಳ್ಳುತ್ತದೆ. ಮದರಾಸಿನ ಐಐಟಿಯಲ್ಲಿ ಓದಿದ ಸಿ. ಮೋಹನ್ ಅವರು ಐಬಿಎಮ್ ಸಂಸ್ಥೆಯ ಸಹೋದ್ಯೋಗಿಗಳೊಡನೆ 1992ರಲ್ಲಿ ಪ್ರಕಟಿಸಿದ ಏರೀಸ್ ಎಂಬ ಪ್ರಬಂಧವು ಈ ಕ್ರಮವನ್ನು ಸಾಂಗವಾಗಿ ನಿರೂಪಿಸಿತು. ಇಂದಿನ ಅನೇಕ ಡೇಟಾಬೇಸುಗಳು ಅದರ ಋಣವನ್ನು ಹೊತ್ತಿವೆ. ನಿಮ್ಮಲ್ಲಿ ಇಂಗ್ಲಿಷ್ ಬಲ್ಲವರು ಅದನ್ನು ಒಮ್ಮೆ ಓದಲೇಬೇಕು. ಕಠಿಣವಾದರೂ ವ್ಯರ್ಥವಾಗದ ಶ್ರಮವದು.

ಆದರೆ ತುಂಬಿದ ಡಿಸ್ಕನ್ನು ಪರೀಕ್ಷಿಸುವವನ ಕಣ್ಣಿಗೆ ಅತ್ಯಂತ ದೊಡ್ಡದಾಗಿಯೂ ಅತ್ಯಂತ ನಿರುಪಯುಕ್ತವಾಗಿಯೂ ಕಾಣುವುದು ಈ ಲಾಗೇ ಆಗಿರುವುದು ಎಷ್ಟೊಂದು ಸಲ! ಪೋಸ್ಟ್‌ಗ್ರೆಸ್‌ನಲ್ಲಿ ಲಾಗಿನ ಈ ಕಡತಗಳು ಇರುವ ಕೋಶಕ್ಕೆ ಮೊದಲು ಪಿಜಿ-ಎಕ್ಸ್‌ಲಾಗ್ ಎಂಬ ಹೆಸರಿತ್ತು. ಆ ಹೆಸರನ್ನು ಕಂಡು, ಇವು ಕೇವಲ ವರದಿಯ ಕಡತಗಳೆಂದು ಬಗೆದು ಅಳಿಸಿ ಡೇಟಾಬೇಸನ್ನೇ ಕಳೆದುಕೊಂಡವರು ಲೋಕದಲ್ಲಿ ಅಷ್ಟು ಮಂದಿ ಆದುದರಿಂದ, 2017ರಲ್ಲಿ ಹೊರಬಂದ 10ನೆಯ ಆವೃತ್ತಿಯಲ್ಲಿ ಅದನ್ನು ಪಿಜಿ-ವಾಲ್ ಎಂದು ಬದಲಾಯಿಸಿದರು. ತಲಾ 16 ಎಂಬಿಯ ಆ ಕಡತಗಳು ಸಾವಿರಗಟ್ಟಲೆ ಬಿದ್ದಿದ್ದರೂ ಒಂದನ್ನೂ ಕೈಯಿಂದ ಅಳಿಸಬೇಡಿ. ಆ ಡಿಸ್ಕು ತುಂಬಿ ಡೇಟಾಬೇಸು ನಿಂತಿದ್ದರೂ, ಮುಗಿದ ವ್ಯವಹಾರ ಒಂದೂ ಕಳೆದಿಲ್ಲವೆಂದು ತಿಳಿಯಿರಿ. ಬೇರೆ ಕಡೆಯಿಂದ ಜಾಗ ಮಾಡಿಕೊಟ್ಟರೆ ಅದು ಎದ್ದು ಕುಳಿತು ತನಗೆ ಬೇಡವಾದುದನ್ನು ತಾನೇ ತೆಗೆಯುತ್ತದೆ.

ತಾನೇ ತೆಗೆಯುವುದಾದರೆ ಇಷ್ಟು ಬೆಳೆದುದೇಕೆ? ಈ ಪ್ರಶ್ನೆಯನ್ನು ಕೇಳಿದವನು ಅರ್ಧ ಕೆಲಸವನ್ನು ಮುಗಿಸಿದನೆಂದೇ ಹೇಳುತ್ತೇನೆ. ಲಾಗು ಬೆಳೆದಿದ್ದರೆ, ಯಾರೋ ಅದನ್ನು ಹಿಡಿದು ನಿಲ್ಲಿಸಿದ್ದಾರೆ. ಪೋಸ್ಟ್‌ಗ್ರೆಸ್‌ನಲ್ಲಿ ಹಿಡಿದವನು ಸಾಮಾನ್ಯವಾಗಿ ಇಬ್ಬರಲ್ಲಿ ಒಬ್ಬ. ಲಾಗನ್ನು ಬೇರೆಡೆಗೆ ನಕಲು ಮಾಡಿ ಇಡುವ ಆದೇಶವು ಎಂದೋ ವಿಫಲವಾಗಿದ್ದು, ನಕಲಾಗದ ಕಡತವನ್ನು ಅಳಿಸಬಾರದೆಂಬ ನಿಯಮವನ್ನು ಡೇಟಾಬೇಸು ನಿಷ್ಠೆಯಿಂದ ಪಾಲಿಸುತ್ತಿರಬಹುದು. ಇಲ್ಲವೆ, ಪ್ರತಿಕೃತಿ ಸರ್ವರೊಂದಕ್ಕಾಗಿ ತೆರೆದ ಸ್ಲಾಟು, ಆ ಸರ್ವರನ್ನು ಬಿಚ್ಚಿ ಒಯ್ದ ಮೇಲೆಯೂ ಹಾಗೆಯೇ ಉಳಿದು, ಎಂದಿಗೂ ಬಾರದ ಓದುಗನಿಗಾಗಿ ಎಲ್ಲವನ್ನೂ ಕಾದಿರಿಸಿರಬಹುದು. 2020ರಲ್ಲಿ ಬಂದ 13ನೆಯ ಆವೃತ್ತಿಯಿಂದೀಚೆಗೆ ಇಂಥ ಸ್ಲಾಟು ಎಷ್ಟನ್ನು ಹಿಡಿದಿಡಬಹುದೆಂಬುದಕ್ಕೆ ಮಿತಿಯನ್ನು ಹಾಕಬಹುದಾಗಿದೆ. ಆದರೆ ಮಿತಿಯನ್ನು ನೀವಾಗಿಯೇ ಹಾಕಬೇಕು, ಅದು ತಾನಾಗಿ ಬರುವುದಿಲ್ಲ. ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರನ್ನು ಬಳಸುವ ಅಂಗಡಿಗಳಲ್ಲಿ ಬಹುಮಟ್ಟಿಗೆ ಕಾಣುವ ದೋಷ ಇನ್ನೊಂದು: ಪೂರ್ಣ ಪುನಃಸ್ಥಾಪನೆಯ ಕ್ರಮವನ್ನು ಆರಿಸಿದ್ದು, ರಾತ್ರಿಗೊಮ್ಮೆ ಡೇಟಾಬೇಸಿನ ಪೂರ್ತಿ ಬ್ಯಾಕಪ್ಪನ್ನು ತೆಗೆಯುತ್ತಿದ್ದು, ಲಾಗಿನ ಬ್ಯಾಕಪ್ಪನ್ನು ಮಾತ್ರ ಯಾರೂ ತೆಗೆಯುವುದಿಲ್ಲ. ಪೂರ್ತಿ ಬ್ಯಾಕಪ್ಪು ಲಾಗನ್ನು ಬಿಡುಗಡೆ ಮಾಡುವುದಿಲ್ಲವೆಂಬುದನ್ನು ಅರಿಯದವರು, ಲಾಗು ತಿಂಗಳುಗಟ್ಟಲೆ ಬೆಳೆದು 9002 ಎಂಬ ದೋಷಸಂಖ್ಯೆ ಕಾಣಿಸಿಕೊಂಡಾಗ, ಲಾಗಿನ ಕಡತವನ್ನೇ ಕಿತ್ತೊಗೆಯಲು ಹೊರಡುತ್ತಾರೆ. ಲಾಗು ಏತಕ್ಕಾಗಿ ಕಾದಿದೆ ಎಂಬುದನ್ನು ಆ ಡೇಟಾಬೇಸು ತನ್ನ ವಿವರಪಟ್ಟಿಯ ಒಂದು ಅಂಕಣದಲ್ಲಿಯೇ ಬರೆದಿಟ್ಟಿರುತ್ತದೆ. ಓದುವ ತಾಳ್ಮೆ ಬೇಕು, ಅಷ್ಟೆ. ಮೈಎಸ್‌ಕ್ಯೂಎಲ್‌ನ ಬೈನರಿ ಲಾಗುಗಳು 8.0 ಆವೃತ್ತಿಯಿಂದ 30 ದಿನಗಳ ಬಳಿಕ ತಾವಾಗಿಯೇ ಹೋಗುವಂತೆ ಏರ್ಪಟ್ಟಿವೆ. ಅದಕ್ಕೆ ಹಿಂದಿನ ಆವೃತ್ತಿಗಳಲ್ಲಿ, ನೀವು ಹೇಳದ ಹೊರತು ಅವು ಎಂದೆಂದಿಗೂ ಉಳಿಯುತ್ತಿದ್ದುವು. ಅವುಗಳನ್ನು ತೆಗೆಯುವುದಾದರೂ ಡೇಟಾಬೇಸಿನ ಆದೇಶದ ಮೂಲಕವೇ ತೆಗೆಯತಕ್ಕದ್ದು.

ಇನ್ನೊಂದು ಬಗೆಯ ಹಿಡಿತವುಂಟು, ಅದು ಇನ್ನೂ ಸೂಕ್ಷ್ಮವಾದುದು. ಬೆಳಗ್ಗೆ ಯಾರೋ ವರದಿಯೊಂದನ್ನು ತೆರೆದು, ವ್ಯವಹಾರವನ್ನು ಮುಗಿಸದೆ, ಪರದೆಯನ್ನು ಹಾಗೆಯೇ ಬಿಟ್ಟು ಊಟಕ್ಕೆ ಹೋದರೆಂದು ತಿಳಿಯಿರಿ. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಸಾಲನ್ನು ತಿದ್ದಿದಾಗ ಹಳೆಯ ಸಾಲು ಅಲ್ಲಿಯೇ ಉಳಿದು ಹೊಸದು ಪಕ್ಕದಲ್ಲಿ ಬರುತ್ತದೆ. ಹಳೆಯದನ್ನು ಯಾರೂ ನೋಡಲಾರರೆಂದು ಖಚಿತವಾದ ಮೇಲೆಯೇ ವ್ಯಾಕ್ಯೂಮ್ ಎಂಬ ಕ್ರಿಯೆಯು ಆ ಜಾಗವನ್ನು ಮರುಬಳಕೆಗೆ ಬಿಡುತ್ತದೆ. ತೆರೆದಿಟ್ಟ ಆ ಒಂದು ವ್ಯವಹಾರವು ಇನ್ನೂ ನೋಡುತ್ತಿದೆಯೆಂದೇ ಡೇಟಾಬೇಸು ಭಾವಿಸುವುದರಿಂದ, ದಿನವಿಡೀ ತಿದ್ದಿದ ಸಾಲುಗಳ ಮೃತಶೇಷವೆಲ್ಲ ಹಾಗೆಯೇ ಬಿದ್ದಿರುತ್ತದೆ. ಕೋಷ್ಟಕ ಊದಿಕೊಂಡುದನ್ನು ಕಂಡು ವ್ಯಾಕ್ಯೂಮ್ ಫುಲ್ ಎಂಬ ಆದೇಶವನ್ನು ಕೊಡುವವರಿಗೆ ಒಂದು ಮಾತು: ಆ ಆದೇಶವು ಕೋಷ್ಟಕವನ್ನು ಆದ್ಯಂತವಾಗಿ ಹೊಸ ಕಡತಕ್ಕೆ ಬರೆದು, ಆಮೇಲೆ ಹಳೆಯದನ್ನು ಬಿಡುತ್ತದೆ; ಅಲ್ಲಿಯವರೆಗೆ ಕೋಷ್ಟಕವನ್ನು ಯಾರೂ ಮುಟ್ಟುವಂತಿಲ್ಲ. ತುಂಬಿದ ಡಿಸ್ಕಿನ ಮೇಲೆ ಅದನ್ನು ಹೂಡುವುದು ಜಾಗವಿಲ್ಲದಲ್ಲಿ ಇನ್ನಷ್ಟು ಜಾಗವನ್ನು ಬೇಡಿದಂತೆ.

ಡಿಸ್ಕು ನಿಜವಾಗಿಯೂ ತುಂಬಿದೆಯೇ ಎಂಬುದನ್ನೂ ಪರೀಕ್ಷಿಸಬೇಕು. ಲಿನಕ್ಸಿನಲ್ಲಿ ಬಳಕೆಯಾದ ಜಾಗ ಇಷ್ಟೆಂದು ಡಿಎಫ್ ಆದೇಶವು ಹೇಳಿ, ಡಿಯು ಆದೇಶವು ಅದಕ್ಕಿಂತ ಬಹಳ ಕಡಮೆಯನ್ನು ಹೇಳಿದರೆ, ಅಳಿಸಿದ ಕಡತವೊಂದನ್ನು ಓಡುತ್ತಿರುವ ಕಾರ್ಯಕ್ರಮವು ಇನ್ನೂ ತೆರೆದಿಟ್ಟುಕೊಂಡಿದೆಯೆಂದು ಊಹಿಸಬಹುದು. ಎಲ್‌ಎಸ್‌ಓಎಫ್ ಎಂಬ ಆದೇಶವು ಅದರ ಹೆಸರನ್ನು ಹೇಳುತ್ತದೆ, ಆ ಕಾರ್ಯಕ್ರಮ ಕೈಬಿಟ್ಟ ಕ್ಷಣದಲ್ಲಿ ಜಾಗ ಮರಳುತ್ತದೆ. ಜಾಗವಿದ್ದೂ ಇಲ್ಲವೆಂಬ ಉತ್ತರ ಬಂದರೆ ಐನೋಡುಗಳು ಮುಗಿದಿರಬಹುದು. ಲಕ್ಷಾಂತರ ಸಣ್ಣ ಕಡತಗಳು ಎಲ್ಲಿಯೋ ಕೂಡಿಬಿದ್ದಿರುವಾಗ ಹೀಗಾಗುತ್ತದೆ. ಇಎಕ್ಸ್‌ಟಿ4 ವ್ಯವಸ್ಥೆಯು ರೂಢಿಯಂತೆ ಶೇಕಡ 5ರಷ್ಟನ್ನು ರೂಟ್ ಬಳಕೆದಾರನಿಗೆಂದು ಕಾದಿರಿಸುವುದೂ ನೆನಪಿನಲ್ಲಿರಲಿ. ಉಚಿತವಾದ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ಸನ್ನು ಬಳಸುವ ಅಂಗಡಿಗಳಲ್ಲಿ ಡಿಸ್ಕು ಬರಿದಾಗಿದ್ದರೂ ದಾಖಲೆ ನಿಲ್ಲುವುದುಂಟು; 2022ರ ಆವೃತ್ತಿಯವರೆಗೂ ಅದರಲ್ಲಿ ಒಂದೊಂದು ಡೇಟಾಬೇಸಿಗೆ 10 ಜಿಬಿಯ ಮಿತಿಯಿದೆ. ಅಲ್ಲಿ ಹೊಸ ಡಿಸ್ಕನ್ನು ಕೊಂಡು ತಂದವನಿಗೆ ಹಣವೂ ವ್ಯರ್ಥ, ಹೊತ್ತೂ ವ್ಯರ್ಥ.

ಹಾಗಾದರೆ ಅಂಗಡಿಯ ಸಾವಕಾರರು ಹಿಂದೆ ನಿಂತಿರಲು, ಹೊರಗೆ ರೈತರು ಪಟ್ಟಿಗಾಗಿ ಕಾದಿರಲು, ನೀವು ಮೊದಲು ಮಾಡಬೇಕಾದುದೇನು? ದಾಖಲಿಸುವವರನ್ನು ನಿಲ್ಲಿಸಿ, ಯಂತ್ರ ಸರಿಹೋಗುವವರೆಗಿನ ಪಟ್ಟಿಗಳನ್ನು ಕಾಗದದ ಮೇಲೆ ಬರೆಯಲು ಹೇಳಿರಿ. ಇದರಲ್ಲಿ ಅವಮಾನವೇನೂ ಇಲ್ಲ. ಡೇಟಾಬೇಸಿಗೆ ಸಂಬಂಧಿಸದೆ ಅದೇ ಡಿಸ್ಕಿನಲ್ಲಿರುವ ವಸ್ತುಗಳನ್ನು, ಅಂದರೆ ಹಳೆಯ ಇನ್‌ಸ್ಟಾಲರುಗಳು, ಯಾರೋ ಇಳಿಸಿಟ್ಟ ಚಲನಚಿತ್ರಗಳು, ವರದಿಗಳ ನಕಲುಗಳು, ಇವನ್ನು ಬೇರೆ ಡಿಸ್ಕಿಗೆ ಸಾಗಿಸಿರಿ. ಬ್ಯಾಕಪ್ಪುಗಳು ಅಲ್ಲಿಯೇ ಇದ್ದರೆ ಅವನ್ನೂ ಸಾಗಿಸಿ, ತೆರೆಯುತ್ತವೆಂದು ನೋಡಿದ ಮೇಲೆ ಮಾತ್ರ ಮೂಲವನ್ನು ತೆಗೆಯಿರಿ. ಸಾಧ್ಯವಿದ್ದಲ್ಲಿ ಡಿಸ್ಕನ್ನು ವಿಸ್ತರಿಸಿರಿ. ಕೆಲವರು ಶಾಂತಿಯ ಕಾಲದಲ್ಲಿಯೇ ಕೆಲವು ಜಿಬಿಗಳಷ್ಟು ದೊಡ್ಡದಾದ, ಏನೂ ಇಲ್ಲದ ಕಡತವೊಂದನ್ನು ಮಾಡಿಟ್ಟು, ಆಪತ್ತಿನಲ್ಲಿ ಅದೊಂದನ್ನೇ ಅಳಿಸಿ ಉಸಿರಾಡುತ್ತಾರೆ; ನಾನು ಬಹಳವಾಗಿ ಮೆಚ್ಚುವ ಪದ್ಧತಿಯಿದು. ಡೇಟಾಬೇಸಿನ ಕೋಶದೊಳಗಿನ ಯಾವುದೇ ಕಡತದ ಮೇಲೆ ಕೈಯಿಡುವ ಮೊದಲು ನೀವು ಯಾವ ಯಂತ್ರದಲ್ಲಿದ್ದೀರೆಂಬುದನ್ನು ಗಟ್ಟಿಯಾಗಿ ಓದಿ, ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಂಡು ಅವರಿಂದಲೂ ಓದಿಸಿರಿ.

ಈ ಕಡೆಯ ಮಾತು ಅತಿಯೆಂದು ತೋರಬಹುದು. ಆದರೆ ನಡೆದುದೊಂದನ್ನು ಕೇಳಿರಿ. 2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ, ಹಿಂದೆಬಿದ್ದಿದ್ದ ಪ್ರತಿಕೃತಿ ಸರ್ವರನ್ನು ಸರಿಪಡಿಸುತ್ತಿದ್ದ ದಣಿದ ಎಂಜಿನಿಯರೊಬ್ಬರು ಪ್ರತಿಕೃತಿಯ ಕೋಶವೆಂದು ಭಾವಿಸಿ ಪ್ರಧಾನ ಸರ್ವರಿನ ಕೋಶವನ್ನು ಅಳಿಸಿದರು. ತಿಳಿದು ತಡೆಯುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ 4.5 ಜಿಬಿ ಮಾತ್ರ ಉಳಿದಿತ್ತು. ಬ್ಯಾಕಪ್ಪುಗಳಿಗಾಗಿ ಹುಡುಕಿದರೆ, ಆವೃತ್ತಿಯ ವ್ಯತ್ಯಾಸದಿಂದ ಅವು ಬಹುಕಾಲದಿಂದ ವಿಫಲವಾಗುತ್ತಿದ್ದುದೂ, ವಿಫಲತೆಯ ಸೂಚನೆಗಳು ಯಾರಿಗೂ ತಲುಪದೆ ಹೋಗಿದ್ದುದೂ ಬೆಳಕಿಗೆ ಬಂತು. ಬೇರೊಂದು ಉದ್ದೇಶದಿಂದ ಸುಮಾರು ಆರು ಗಂಟೆಗಳ ಹಿಂದೆ ತೆಗೆದಿದ್ದ ಒಂದು ಪ್ರತಿ ಅವರನ್ನು ಕಾಪಾಡಿತು. ಆ ಸಂಸ್ಥೆಯವರು ನಡೆದುದನ್ನೆಲ್ಲ ಮುಚ್ಚುಮರೆಯಿಲ್ಲದೆ ಪ್ರಕಟಿಸಿದರು, ತಪ್ಪಿದ ವ್ಯಕ್ತಿಯನ್ನು ಬಲಿಗೊಡಲಿಲ್ಲ. ಈ ಎರಡು ಗುಣಗಳಿಗಾಗಿ ಅವರಿಗೆ ನಾನು ತಲೆಬಾಗುತ್ತೇನೆ.

ಪತ್ರ ತರುಣರಿಗೆಂದು ಆರಂಭಿಸಿದರೂ ಅಂಗಡಿಯ ಸಾವಕಾರರಿಗೂ ಒಂದೆರಡು ವಾಕ್ಯಗಳನ್ನು ಹೇಳಬೇಕಾಗಿದೆ. ನಿಮ್ಮ ಬ್ಯಾಕಪ್ಪು ಅದೇ ಡಿಸ್ಕಿನಲ್ಲಿದೆಯೋ ಬೇರೆಡೆಯೋ ಎಂಬುದನ್ನು ನಿಮ್ಮ ಹುಡುಗರನ್ನು ಇಂದೇ ಕೇಳಿರಿ. ಹಣ ಉಳಿಯಿತೆಂದು ಒಂದೇ ಡಿಸ್ಕಿನಲ್ಲಿ ಎಲ್ಲವನ್ನೂ ಇಡಿಸಿದವರು, ಬ್ಯಾಕಪ್ಪು ಬೆಳೆಬೆಳೆದು ಡೇಟಾಬೇಸನ್ನೇ ಉಸಿರುಗಟ್ಟಿಸಿದಾಗ ಹುಡುಗನನ್ನು ಗದರಿಸುವುದು ಅನ್ಯಾಯ. ಎಷ್ಟು ವರ್ಷದ ಪಟ್ಟಿಗಳು ದಿನನಿತ್ಯದ ಡೇಟಾಬೇಸಿನಲ್ಲಿರಬೇಕು, ಯಾವುವನ್ನು ಬೇರೆಡೆ ಭದ್ರಪಡಿಸಬಹುದು ಎಂಬ ನಿರ್ಣಯ ನಿಮ್ಮದೂ ನಿಮ್ಮ ಲೆಕ್ಕಪರಿಶೋಧಕರದೂ ಆಗಿದೆಯೇ ಹೊರತು, ರಾತ್ರಿ ಹತ್ತು ಗಂಟೆಗೆ ಜಾಗಕ್ಕಾಗಿ ಹುಡುಕುತ್ತಿರುವ ಆ ಹುಡುಗನದಲ್ಲ.

ಮರಳಿ ನಿಮಗೆ, ಮಿತ್ರರೇ. ಡಿಸ್ಕಿನ ಬಳಕೆಯನ್ನು ದಿನಕ್ಕೊಮ್ಮೆ ಬರೆದಿಡುವ ಅಭ್ಯಾಸವನ್ನು ಇಂದೇ ಆರಂಭಿಸಿರಿ. ಶೇಕಡ 80 ತುಂಬಿದಾಗ ಎಚ್ಚರಿಸು ಎಂದು ಯಂತ್ರಕ್ಕೆ ಹೇಳಿ ನಿಶ್ಚಿಂತರಾಗುವುದು ನಮ್ಮಂಥ ಊರಿಗೆ ಸಾಲದು. ಏಕೆಂದರೆ ಇಲ್ಲಿಯ ಬೆಳವಣಿಗೆ ಸಮಗತಿಯದಲ್ಲ. ಬೇಸಗೆಯ ಕಡೆಯ ತಿಂಗಳುಗಳಲ್ಲಿ ಮಂದವಾಗಿ ಸಾಗುವ ಡೇಟಾಬೇಸು ಹೆಸರಿನ ಆವಕ ಬಂದೊಡನೆ ಓಡತೊಡಗುತ್ತದೆ, ಉಳ್ಳಾಗಡ್ಡಿಯ ವಾರಗಳಲ್ಲಿ ಇನ್ನೂ ವೇಗವಾಗುತ್ತದೆ, ಮೆಣಸಿನಕಾಯಿಯೂ ಹಿಂಗಾರಿಯ ಕಡಲೆಯೂ ಒಟ್ಟಿಗೆ ಬಂದರೆ ಹೇಳುವುದೇ ಬೇಡ. ಜೂನ್ ತಿಂಗಳ ಸರಾಸರಿಯನ್ನು ಹಿಡಿದು ಅಕ್ಟೋಬರಿನ ಅಗತ್ಯವನ್ನು ಲೆಕ್ಕಹಾಕಿದವನು ಮೋಸಹೋಗುತ್ತಾನೆ. ಕಳೆದ ಸುಗ್ಗಿಯ ಒಂದು ವಾರದಲ್ಲಿ ಅತಿ ಹೆಚ್ಚೆಂದರೆ ಎಷ್ಟು ಬೆಳೆಯಿತೆಂಬುದನ್ನು ತೆಗೆದುಕೊಂಡು, ಈಗ ಉಳಿದಿರುವ ಜಾಗ ಅಂಥ ಎಷ್ಟು ವಾರಗಳಿಗೆ ಸಾಕಾದೀತೆಂದು ಎಣಿಸಿರಿ. ಮುಂದಿನ ಸುಗ್ಗಿಯ ಕಡೆಯವರೆಗೆ ಸಾಲದೆಂದು ಕಂಡರೆ, ಆ ಲೆಕ್ಕವನ್ನು ಕಾಗದದಲ್ಲಿ ಬರೆದು ಸಾವಕಾರರ ಕೈಗೆ ಕೊಡಿರಿ. ಅಪಾಯವನ್ನು ಹೀಗೆ ಮುನ್ನವೇ ತಪ್ಪಿಸಿದವನನ್ನು ಯಾರೂ ಹೊಗಳುವುದಿಲ್ಲವೆಂಬುದನ್ನು ನಾನು ಬಲ್ಲೆ. ನಡುರಾತ್ರಿ ಬಂದು ಯಂತ್ರವನ್ನು ಎಬ್ಬಿಸಿದವನಿಗೆ ಚಹಾವೂ ಶಾಬಾಶಿಯೂ ಸಿಕ್ಕುತ್ತವೆ. ನನ್ನ ಗೌರವವಾದರೋ ಮೊದಲನೆಯವನಿಗೇ ಸಲ್ಲುತ್ತದೆ.

ಒಂದೇ ಒಂದು ಪ್ರಾರ್ಥನೆಯುಂಟು. ಹೆಸರಿನ ಮೊದಲ ಚೀಲ ಪ್ರಾಂಗಣಕ್ಕೆ ಬರುವುದರೊಳಗೆ, ರಜೆಯ ದಿನವೊಂದನ್ನು ಗೊತ್ತುಮಾಡಿಕೊಂಡು, ಹಿಂದಿನ ರಾತ್ರಿಯ ಬ್ಯಾಕಪ್ಪನ್ನು ಬೇರೊಂದು ಯಂತ್ರದಲ್ಲಿ ಪೂರ್ತಿಯಾಗಿ ಮರುಸ್ಥಾಪಿಸಿ ನೋಡಿರಿ. ದಿವಾನಜಿಯವರನ್ನು ಪಕ್ಕಕ್ಕೆ ಕರೆದು, ಅವರ ಕೈಯಲ್ಲಿರುವ ನಾಲ್ಕಾರು ಪಟ್ಟಿಗಳು ಅದರಲ್ಲಿ ಸರಿಯಾಗಿ ಬಂದಿವೆಯೇ ಎಂದು ತಾಳೆ ನೋಡಿಸಿರಿ. ಎಷ್ಟು ಹೊತ್ತು ಹಿಡಿಯಿತು, ಎಷ್ಟು ಜಾಗ ಬೇಕಾಯಿತು ಎಂಬುದನ್ನು ಬರೆದು ಸರ್ವರಿನ ಮೇಲ್ಗಡೆ ಗೋಡೆಗೆ ಅಂಟಿಸಿರಿ. ಈ ಕೆಲಸದಲ್ಲಿ ಯಾರಿಗಾದರೂ ಹಿರಿಯನೊಬ್ಬ ಜೊತೆಗೆ ಬೇಕೆನಿಸಿದರೆ ನನ್ನನ್ನು ಕರೆಯಿರಿ, ಸಂತೋಷದಿಂದ ಬರುತ್ತೇನೆ.

ಇಂತಿ,
ನಿಮ್ಮ ಶ್ರೇಯಸ್ಸನ್ನು ಬಯಸುವ,
ಅಮರಗೋಳದ ಒಬ್ಬ ಹಿರಿಯ ವೃತ್ತಿಬಂಧು